ಶಾರ್ಟ್ ಬೆಡ್ ಪಿಕಪ್‌ಗೆ ಫಿಫ್ತ್ ವೀಲ್ ಹಿಚ್ ಆರಿಸುವುದು: ಟೇಪ್ ಹಿಡಿಯುವುದರಿಂದ ಎಳೆದು ನೋಡುವವರೆಗೆ

ಅಮೆರಿಕದಲ್ಲಿದ್ದೀರಿ. ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್ ಅಂತ ಮನೆಮಂದಿಯೆಲ್ಲ ಸುತ್ತಲು, ಒಳಗೇ ವಾಸ ಮಾಡಬಹುದಾದ ಫಿಫ್ತ್ ವೀಲ್ ಟ್ರೇಲರ್ ಕೊಳ್ಳುವ ಆಸೆ ಇದೆ. ಮನೆ ಮುಂದೆ ಪಿಕಪ್ ಟ್ರಕ್ ಕೂಡ ನಿಂತಿದೆ. ಆದರೆ ಅದರ ಬೆಡ್, ಅಂದರೆ ಹಿಂದೆ ಸಾಮಾನು ಹೇರುವ ತೊಟ್ಟಿ, ಚಿಕ್ಕದು. ಕೇಳಿದವರಲ್ಲಿ ಒಬ್ಬರು ಸ್ಲೈಡರ್ ಹಿಚ್, ಅಂದರೆ ಹಿಂದಕ್ಕೆ ಜಾರುವ ಕೊಂಡಿ, ಇಲ್ಲದೆ ಆಗುವುದೇ ಇಲ್ಲ ಅಂತಾರೆ. ಇನ್ನೊಬ್ಬರು ಸುಮ್ನೆ ದುಡ್ಡು ದಂಡ, ಜಾರದ ಫಿಕ್ಸೆಡ್ ಹಿಚ್ ಸಾಕು ಅಂತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರವರ ಟ್ರಕ್ಕಿಗೆ, ಅವರವರ ಟ್ರೇಲರ್‌ಗೆ ಅದು ನಿಜ. ನಿಮ್ಮ ಜೋಡಿಗೆ ಯಾವುದು ಸರಿ ಅನ್ನುವುದು ಎರಡೇ ಲೆಕ್ಕದಲ್ಲಿ ಗೊತ್ತಾಗುತ್ತದೆ: ಟ್ರಕ್ ಎಷ್ಟು ಭಾರ ಹೊರಬಲ್ಲದು, ಮತ್ತು ತಿರುಗುವಾಗ ಟ್ರೇಲರ್‌ನ ಮೂಲೆಗೂ ಟ್ರಕ್ಕಿನಲ್ಲಿ ಜನ ಕೂರುವ ಕ್ಯಾಬ್‌ಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ. ಈ ಎರಡನ್ನೂ ನೀವೇ ಮಾಡಬಹುದು. ಮಾಡದೆ ಹಿಚ್ ಅಂಗಡಿಗೆ ಹೋಗಬೇಡಿ.

ಹೊಸಬರಿಗಾಗಿ ಒಂದು ಮಾತು. ಸಾಮಾನ್ಯ ಟ್ರಾವೆಲ್ ಟ್ರೇಲರನ್ನು ಟ್ರಕ್ಕಿನ ಹಿಂದಿನ ಬಂಪರ್ ಬಳಿಯ ಬಾಲ್‌ಗೆ ಸಿಕ್ಕಿಸುತ್ತಾರೆ. ಫಿಫ್ತ್ ವೀಲ್ ಹಾಗಲ್ಲ. ಅದರ ಮೂತಿ ಎತ್ತರಕ್ಕೆ ಎದ್ದು ಟ್ರಕ್ಕಿನ ಬೆಡ್ ಮೇಲೆ ಚಾಚಿಕೊಂಡಿರುತ್ತದೆ. ಆ ಮೂತಿಯ ಕೆಳಗಿರುವ ಪಿನ್ ಬಾಕ್ಸ್‌ನಿಂದ 2 ಇಂಚು ದಪ್ಪದ ಉಕ್ಕಿನ ಗೂಟ ಇಳಿಬಿದ್ದಿರುತ್ತದೆ. ಅದೇ ಕಿಂಗ್‌ಪಿನ್. ಬೆಡ್ ಒಳಗೆ ಕೂರಿಸಿದ ಹಿಚ್‌ನ ದವಡೆ ಅದನ್ನು ಕಚ್ಚಿ ಹಿಡಿಯುತ್ತದೆ. ಭಾರ ನೇರವಾಗಿ ಹಿಂದಿನ ಆಕ್ಸಲ್ ಮೇಲೆ ಬೀಳುವುದರಿಂದ ಹೈವೇಯಲ್ಲಿ ಗಾಳಿ ಹೊಡೆದರೂ, ಪಕ್ಕದಲ್ಲಿ ದೊಡ್ಡ ಲಾರಿ ಹಾದುಹೋದರೂ ಇದು ಅಷ್ಟಾಗಿ ತೂಗಾಡುವುದಿಲ್ಲ. ಇದನ್ನು ಇಷ್ಟಪಡುವವರು ಇಷ್ಟಪಡುವುದೇ ಈ ಕಾರಣಕ್ಕೆ.

ಹೆಜ್ಜೆ 1: ಬಾಗಿಲ ಸ್ಟಿಕ್ಕರ್ ಓದಿ, ಭಾರದ ಲೆಕ್ಕ ಹಾಕಿ

ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿರುವ ಟೋಯಿಂಗ್ ಸಂಖ್ಯೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಫಿಫ್ತ್ ವೀಲ್ ಎಳೆಯುವಾಗ ಸಾಮಾನ್ಯವಾಗಿ ಮೊದಲು ಮುಗಿದುಹೋಗುವುದು ಎಳೆಯುವ ಶಕ್ತಿ ಅಲ್ಲ, ಹೊರುವ ಶಕ್ತಿ. ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದಲ್ಲಿ ಹಳದಿ-ಬಿಳಿ ಸ್ಟಿಕ್ಕರ್ ಕಾಣುತ್ತದೆ. ಒಳಗೆ ಕೂರುವವರು ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತದೆ. ಅದೇ ನಿಮ್ಮ ಪೇಲೋಡ್. ಅದೇ ಹೆಸರಿನ, ಅದೇ ವರ್ಷದ ಇನ್ನೊಂದು ಟ್ರಕ್ಕಿನ ಸಂಖ್ಯೆ ಬೇರೆ ಇರಬಹುದು. ಸನ್‌ರೂಫ್, ಲೆದರ್ ಸೀಟು, ಫೋರ್ ವೀಲ್ ಡ್ರೈವ್ ಎಲ್ಲವೂ ಅದರಲ್ಲೇ ಕಳೆಯುತ್ತವೆ. ಹಾಗಾಗಿ ನಿಮ್ಮದೇ ಬಾಗಿಲು ನೋಡಿ.

ಇನ್ನು ಟ್ರೇಲರ್ ಕಡೆಯ ಲೆಕ್ಕ. ಬಂಪರ್‌ಗೆ ಸಿಕ್ಕಿಸುವ ಟ್ರೇಲರ್ ತನ್ನ ತೂಕದಲ್ಲಿ ಶೇಕಡಾ 10ರಿಂದ 15ರಷ್ಟನ್ನು ಟ್ರಕ್ ಮೇಲೆ ಹೊರಿಸುತ್ತದೆ. ಫಿಫ್ತ್ ವೀಲ್ ಶೇಕಡಾ 15ರಿಂದ 25ರಷ್ಟು ಹೊರಿಸುತ್ತದೆ. ಇದಕ್ಕೆ ಪಿನ್ ವೇಯ್ಟ್ ಅಂತಾರೆ. ಲೆಕ್ಕಕ್ಕೆ 20 ಹಿಡಿಯಿರಿ. ಕರಪತ್ರದಲ್ಲಿ ಕೊಟ್ಟಿರುವ ಪಿನ್ ವೇಯ್ಟ್ ಖಾಲಿ ಟ್ರೇಲರ್‌ನದು. ಬ್ಯಾಟರಿ, ಗ್ಯಾಸ್ ಸಿಲಿಂಡರ್, ಮುಂಭಾಗದ ಡಿಕ್ಕಿಯಲ್ಲಿ ತುಂಬಿದ ಸಾಮಾನು ಎಲ್ಲ ಸೇರಿದರೆ ಅದು ಜಾಸ್ತಿಯಾಗುತ್ತದೆ. ಆದ್ದರಿಂದ ಖಾಲಿ ತೂಕ ಬಿಡಿ, ಟ್ರೇಲರ್ ಮೇಲೆ ಅಂಟಿಸಿದ ಜಿವಿಡಬ್ಲ್ಯೂಆರ್, ಅಂದರೆ ತುಂಬಿದಾಗಿನ ಗರಿಷ್ಠ ತೂಕ ತೆಗೆದುಕೊಳ್ಳಿ.

ಒಂದು ಲೆಕ್ಕ ಮಾಡೋಣ. ಟ್ರೇಲರ್‌ನ ಗರಿಷ್ಠ ತೂಕ 12,000 ಪೌಂಡ್, ಅಂದರೆ ಸುಮಾರು 5,440 ಕಿಲೋ. ಅದರ ಶೇಕಡಾ 20 ಅಂದರೆ 2,400 ಪೌಂಡ್. ಹಿಚ್‌ಗೂ ತೂಕ ಇದೆ, ಅದಕ್ಕೊಂದು 200 ಇಡಿ. ಗಂಡ ಹೆಂಡತಿ, ಇಬ್ಬರು ಮಕ್ಕಳಿಗೆ 500. ಟ್ರಕ್ ಒಳಗಿನ ಕೂಲರ್, ಹತ್ಯಾರ, ಬ್ಯಾಗುಗಳಿಗೆ 150. ಒಟ್ಟು 3,250 ಪೌಂಡ್. ಎಫ್-150, ರ‍್ಯಾಮ್ 1500, ಸಿಲ್ವೆರಾಡೊ 1500 ಥರದ ಹಾಫ್ ಟನ್ ಟ್ರಕ್ಕುಗಳಲ್ಲಿ ಎಷ್ಟೋ ಬಾರಿ ಸ್ಟಿಕ್ಕರ್ ಮೇಲಿರುವುದು 1,500ರಿಂದ 2,000. ಅಲ್ಲಿಗೆ ಮಾತು ಮುಗಿಯಿತು. ಯಾವ ಹಿಚ್ ಹಾಕಿದರೂ ಈ ಟ್ರೇಲರ್ ಆ ಟ್ರಕ್ಕಿಗಲ್ಲ. ಒಂದು ದರ್ಜೆ ಮೇಲಿನ ಮುಕ್ಕಾಲು ಟನ್ ಡೀಸೆಲ್ ಟ್ರಕ್ ಇದ್ದವರೂ ಹುಷಾರಾಗಿರಬೇಕು. ಡೀಸೆಲ್ ಎಂಜಿನ್ ತಾನೇ ಭಾರ, ಆ ಭಾರ ಪೇಲೋಡ್‌ನಿಂದಲೇ ಹೋಗುತ್ತದೆ. ಎಳೆಯಲು ಬೇಕಾದಷ್ಟು ಶಕ್ತಿ ಇದ್ದು, ಹೊರಲು ಜಾಗ ಇಲ್ಲದ ಟ್ರಕ್ಕುಗಳು ಇವೇ.

ಹಾಫ್ ಟನ್ ಟ್ರಕ್ಕಿಗೆ ಅಂತಲೇ ಹಗುರವಾದ ಫಿಫ್ತ್ ವೀಲ್‌ಗಳನ್ನು ಮಾರುತ್ತಾರೆ. ಅವುಗಳ ಲೆಕ್ಕವನ್ನೂ ಹೀಗೇ ಹಾಕಿ. ಕರಪತ್ರದ ಮಾತು ನಂಬಿ ಕೊಂಡರೆ ಹೆಚ್ಚಾದ ಭಾರ ಬೀಳುವುದು ನಿಮ್ಮದೇ ಮಕ್ಕಳು ಕೂತಿರುವ ಗಾಡಿಯ ಹಿಂದಿನ ಟೈರ್, ಸ್ಪ್ರಿಂಗ್, ಬ್ರೇಕ್ ಮೇಲೆ. ಹಿಂದಿನ ಸ್ಪ್ರಿಂಗ್‌ಗೆ ನೆರವಾಗುವ ಗಾಳಿ ಚೀಲ (ಇದಕ್ಕೂ ಏರ್ ಬ್ಯಾಗ್ ಅಂತಾರೆ) ಹಾಕಿದರೆ ಟ್ರಕ್ಕಿನ ಹಿಂಭಾಗ ಎದ್ದು ನಿಲ್ಲುತ್ತದೆ, ಆದರೆ ಸ್ಟಿಕ್ಕರ್ ಮೇಲಿನ ಸಂಖ್ಯೆ ಒಂದು ಪೌಂಡೂ ಏರುವುದಿಲ್ಲ.

ಲೈಸೆನ್ಸ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ 10,000 ಪೌಂಡ್ ದಾಟಿದ, 15,000 ಒಳಗಿನ ಫಿಫ್ತ್ ವೀಲ್ ಎಳೆಯಲು ಮಾಮೂಲಿ ಕ್ಲಾಸ್ ಸಿ ಲೈಸೆನ್ಸ್ ಜೊತೆಗೆ ಬೇರೆ ಅನುಮತಿ ಪಡೆಯಬೇಕು. 15,000 ದಾಟಿದರೆ ನಾನ್ ಕಮರ್ಷಿಯಲ್ ಕ್ಲಾಸ್ ಎ ಬೇಕು. ಒಂದೊಂದು ರಾಜ್ಯದ್ದು ಒಂದೊಂದು ನಿಯಮ. ಟ್ರೇಲರ್‌ಗೆ ಅಡ್ವಾನ್ಸ್ ಕೊಡುವ ಮೊದಲು ಲೈಸೆನ್ಸ್ ಕೊಡುವ ನಿಮ್ಮ ರಾಜ್ಯದ ವಾಹನ ಇಲಾಖೆಯ (ಡಿಎಂವಿ) ಪುಟ ನೋಡಿ.

ಹೆಜ್ಜೆ 2: ಮೂಲೆ ಎಲ್ಲಿಗೆ ಬರುತ್ತದೆ, ಅಳೆಯಿರಿ

ಶಾರ್ಟ್ ಬೆಡ್‌ನ ನಿಜವಾದ ಕಷ್ಟ ಇಲ್ಲಿದೆ. ಲಾಂಗ್ ಬೆಡ್ ಅಂದರೆ ಸುಮಾರು 8 ಅಡಿ. ಆರೂವರೆ ಅಡಿ ಆಸುಪಾಸಿನದು ಒಂದು ಗಾತ್ರ, ಐದೂವರೆ ಅಡಿ ಆಸುಪಾಸಿನದು ಇನ್ನೊಂದು. ಎರಡನ್ನೂ ಶಾರ್ಟ್ ಬೆಡ್ ಅಂತ ಕರೆಯುತ್ತಾರೆ, ಆದರೆ ಹಿಚ್ ವಿಷಯದಲ್ಲಿ ಎರಡಕ್ಕೂ ಅಜಗಜಾಂತರ. ಬೆಡ್ ಚಿಕ್ಕದಾದಷ್ಟೂ ಹಿಂದಿನ ಆಕ್ಸಲ್ ಕ್ಯಾಬ್‌ಗೆ ಹತ್ತಿರ.

ಹಾಗಾದರೆ ಹಿಚ್ಚನ್ನೇ ಹಿಂದಕ್ಕೆ ಕೂರಿಸಿದರೆ ಆಗಲ್ವಾ? ಆಗುವುದಿಲ್ಲ. ಹಿಚ್ ಇರಬೇಕಾದ್ದು ಹಿಂದಿನ ಆಕ್ಸಲ್‌ನ ನೇರ ಮೇಲೆ, ಇಲ್ಲವೇ ಒಂದೆರಡು ಇಂಚು ಮುಂದೆ. ಎತ್ತಿನ ಗಾಡಿಯಲ್ಲಿ ಅಚ್ಚಿನ ಹಿಂದೆ ಭಾರ ಹೇರಿದರೆ ಮೂಕಿ ಮೇಲೇಳುತ್ತದಲ್ಲ, ಇಲ್ಲೂ ಹಾಗೇ. ಆಕ್ಸಲ್‌ನ ಹಿಂದೆ ಎರಡು ಸಾವಿರ ಪೌಂಡ್ ಕೂತರೆ ಮುಂದಿನ ಚಕ್ರಗಳ ಮೇಲಿನ ಭಾರ ಕಮ್ಮಿಯಾಗುತ್ತದೆ. ಸ್ಟಿಯರಿಂಗ್ ಹಗುರವಾಗುತ್ತದೆ, ಬ್ರೇಕ್ ಹಿಡಿತ ಸಡಿಲವಾಗುತ್ತದೆ. ಹೈವೇ ವೇಗದಲ್ಲಿ ಇದು ಅಪಾಯ.

ಈಗ ಟೇಪ್ ತೆಗೆದುಕೊಳ್ಳಿ. ಮೊದಲ ಅಳತೆ ಟ್ರಕ್ಕಿನದು. ಹಿಂದಿನ ಚಕ್ರದ ನಡುಬಿಂದುವಿನ ನೇರಕ್ಕೆ ಬೆಡ್ ಅಂಚಿನ ಮೇಲೆ ಒಂದು ಟೇಪಿನ ಗುರುತು ಅಂಟಿಸಿ. ಅಲ್ಲಿಂದ ಕ್ಯಾಬ್‌ನ ಹಿಂಬದಿ ಗಾಜಿನವರೆಗೆ ಅಳೆಯಿರಿ. ಬೆಡ್‌ನ ಮುಂದಿನ ಗೋಡೆಯವರೆಗೆ ಅಲ್ಲ, ಕ್ಯಾಬ್‌ವರೆಗೆ. ಮೂಲೆ ತಾಗುವುದು ಕ್ಯಾಬ್‌ಗೆ. ಹಿಚ್ ತಯಾರಕರು ಎರಡು ಇಂಚು ಮುಂದೆ ಕೂರಿಸಲು ಹೇಳಿದ್ದರೆ ಆ ಎರಡು ಇಂಚು ಕಳೆಯಿರಿ.

ಎರಡನೇ ಅಳತೆ ಟ್ರೇಲರ್‌ನದು. ಎಲ್ಲರೂ ಟ್ರೇಲರ್ ಅಗಲದ ಅರ್ಧ ತೆಗೆದುಕೊಂಡು ಸುಮ್ಮನಾಗುತ್ತಾರೆ. 96 ಇಂಚು ಅಗಲ ಇದ್ದರೆ 48, ಕಾನೂನಿನ ಮಿತಿಯಾದ 102 ಇಂಚು ಇದ್ದರೆ 51. ಟ್ರಕ್ಕಿಗೆ ಟ್ರೇಲರ್ 90 ಡಿಗ್ರಿ ತಿರುಗಿ ನಿಂತಾಗ ಅದರ ಪಕ್ಕದ ಗೋಡೆ ಕಿಂಗ್‌ಪಿನ್‌ನಿಂದ ಅಷ್ಟು ಮುಂದಿರುತ್ತದೆ ನಿಜ. ಆದರೆ ಅತಿ ಹತ್ತಿರ ಬರುವುದು ಆಗಲ್ಲ. ಅದಕ್ಕೂ ಮೊದಲೇ, ಮುಂದಿನ ಮೂಲೆ ಸುತ್ತಿಕೊಂಡು ಬಂದು ಕಿಂಗ್‌ಪಿನ್‌ನ ನೇರ ಮುಂದೆ ನಿಂತಾಗ. ಆ ಕ್ಷಣಕ್ಕೆ ಮೂಲೆ ಹಿಂಬದಿ ಗಾಜಿನ ನಟ್ಟನಡುವಿಗೆ ಬಂದಿರುತ್ತದೆ. ಮೊದಲು ಒಡೆಯುವುದು ಗಾಜು ಅನ್ನುವುದಕ್ಕೆ ಇದೇ ಕಾರಣ.

ಹಾಗಾಗಿ ಅಳೆಯಬೇಕಾದ್ದು ಕಿಂಗ್‌ಪಿನ್ ನಡುವಿನಿಂದ ಟ್ರೇಲರ್‌ನ ಮುಂದಿನ ಮೂಲೆಗೆ ಇರುವ ಓರೆ ದೂರ. ಅಷ್ಟೇ, ಬೇರೆ ಲೆಕ್ಕ ಬೇಡ. ಮೂಲೆ ಎತ್ತರದಲ್ಲಿರುತ್ತದೆ, ಟೇಪ್ ಓರೆಯಾಗಿ ಮೇಲಕ್ಕೆ ಹೋದರೆ ಅಳತೆ ತಪ್ಪುತ್ತದೆ. ಒಂದು ದಾರಕ್ಕೆ ನಟ್ಟು ಕಟ್ಟಿ ಮೂಲೆಯಿಂದ ತೂಗುಬಿಡಿ. ಕಿಂಗ್‌ಪಿನ್‌ನಿಂದ ಇನ್ನೊಂದು ದಾರ ತೂಗುಬಿಡಿ. ಎರಡೂ ನೆಲ ಮುಟ್ಟುವ ಜಾಗದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಗುರುತಿನಿಂದ ಗುರುತಿಗೆ ಅಳೆಯಿರಿ. ಈಗಿನ ಎಷ್ಟೋ ಟ್ರೇಲರ್‌ಗಳ ಮೂತಿ ದುಂಡಗೆ, ಮೂಲೆಯಲ್ಲಿ ಒಳಕ್ಕೆ ತಗ್ಗಿಸಿದಂತೆ ಇರುತ್ತದೆ. ಅಂಥದ್ದಕ್ಕೆ ಅಂಚಿನ ಉದ್ದಕ್ಕೂ ನಾಲ್ಕೈದು ಕಡೆ ದಾರ ಬಿಟ್ಟು ಅಳೆದು, ಬಂದದ್ದರಲ್ಲಿ ಅತಿ ದೊಡ್ಡದನ್ನು ಇಟ್ಟುಕೊಳ್ಳಿ. ಡೀಲರ್ ಅಂಗಳದಲ್ಲಿ ನೆಲದ ಮೇಲೆ ಕೂತು ಇದೆಲ್ಲ ಮಾಡಲು ನಾಚಿಕೆ ಬೇಡ. ದೊಡ್ಡ ಮೊತ್ತ ಕೊಡುವವರು ನೀವು.

ಈಗ ಎರಡನ್ನೂ ಹೋಲಿಸಿ. ಟ್ರಕ್ ಅಳತೆ 42 ಇಂಚು ಬಂತು ಅನ್ನಿ. ಟ್ರೇಲರ್ 96 ಇಂಚು ಅಗಲ, ಮೂತಿ ಚಪ್ಪಟೆ, ಕಿಂಗ್‌ಪಿನ್ ಮೂತಿಯಿಂದ 12 ಇಂಚು ಹಿಂದೆ. ಮೂಲೆಯ ದೂರ ಸುಮಾರು 49.5 ಇಂಚು. ಅದಕ್ಕೆ ಕನಿಷ್ಠ 4 ಇಂಚು ಸೇರಿಸಿ. ಸಮತಟ್ಟು ನೆಲದಲ್ಲಿ ಸಾಕಾದ ಜಾಗ, ಡ್ರೈವ್‌ವೇ ತಗ್ಗಿನಲ್ಲಿ ಟ್ರೇಲರ್ ಮುಂದಕ್ಕೆ ಬಾಗಿದಾಗ ಸಾಕಾಗುವುದಿಲ್ಲ. ಒಟ್ಟು 53.5 ಬೇಕು, ಇರುವುದು 42. ಕೊರತೆ 11.5 ಇಂಚು. ಹಿಚ್ 12 ಇಂಚು ಹಿಂದಕ್ಕೆ ಜಾರಿದರೆ ಬಚಾವ್. ಅದೇ ಟ್ರೇಲರ್ 102 ಇಂಚು ಅಗಲ ಇದ್ದರೆ ಮೂಲೆಯ ದೂರ 52.4, ಕೊರತೆ 14 ದಾಟುತ್ತದೆ. ಅದೇ ಸ್ಲೈಡರ್ ಆಗ ಸಾಲದು. ಆರು ಇಂಚು ಅಗಲದ ವ್ಯತ್ಯಾಸ ಹಿಚ್ ಆಯ್ಕೆಯನ್ನೇ ಬದಲಾಯಿಸುತ್ತದೆ.

ಹೆಜ್ಜೆ 3: ಕೊರತೆ ತುಂಬುವ ದಾರಿ ಯಾವುದು?

ಕೊರತೆ ಇಲ್ಲದಿದ್ದರೆ ಫಿಕ್ಸೆಡ್ ಹಿಚ್. ಹಗುರ, ಅಗ್ಗ, ಕೆಡುವ ಭಾಗಗಳು ಕಮ್ಮಿ. ಆರೂವರೆ ಅಡಿ ಬೆಡ್, ಒಳಕ್ಕೆ ತಗ್ಗಿಸಿದ ಮೂತಿಯ ಟ್ರೇಲರ್ ಇದ್ದು ಅಳತೆಯೂ ಹೊಂದಿದರೆ ಇದನ್ನೇ ತೆಗೆದುಕೊಳ್ಳಿ. ಆದರೆ ಅಳತೆ ಹೊಂದಬೇಕು. ನಾನು ನೋಡಿಕೊಂಡು ತಿರುಗಿಸುತ್ತೇನೆ ಅನ್ನುವ ಭರವಸೆ ಮೇಲೆ ತೆಗೆದುಕೊಳ್ಳಬೇಡಿ. ರಾತ್ರಿ, ಮಳೆ, ಹಿಂದೆ ಮೂರು ಗಾಡಿ ಕಾಯುತ್ತಿರುವಾಗ ಯಾರಿಗೂ ಡಿಗ್ರಿ ಲೆಕ್ಕ ನೆನಪಿರುವುದಿಲ್ಲ.

ಮ್ಯಾನುವಲ್ ಸ್ಲೈಡರ್ ಮಧ್ಯದ ದಾರಿ. ಹಿಚ್ ತಲೆ ಹಳಿಯ ಮೇಲೆ ಕೂತಿರುತ್ತದೆ. ಹೆಚ್ಚಿನ ಮಾದರಿಗಳಲ್ಲಿ 10ರಿಂದ 14 ಇಂಚು ಹಿಂದಕ್ಕೆ ಜಾರುತ್ತದೆ. ಬಳಸುವ ಕ್ರಮ ಹೀಗೆ: ಜಾಗ ತಲುಪಿದ ಮೇಲೆ ಟ್ರಕ್, ಟ್ರೇಲರ್ ನೇರವಾಗಿರುವಾಗ ನಿಲ್ಲಿಸಿ. ಟ್ರೇಲರ್ ಚಕ್ರಕ್ಕೆ ಅಡ್ಡಗಲ್ಲು ಕೊಡಿ. ಕೆಳಗಿಳಿದು ಹಿಚ್‌ನ ಲಿವರ್ ಎಳೆಯಿರಿ. ಕ್ಯಾಬ್ ಒಳಗಿನ ಬ್ರೇಕ್ ಕಂಟ್ರೋಲರ್‌ನಿಂದ ಟ್ರೇಲರ್ ಬ್ರೇಕ್ ಕೈಯಲ್ಲಿ ಹಿಡಿದುಕೊಂಡು ಟ್ರಕ್ಕನ್ನು ಮೆಲ್ಲಗೆ ಮುಂದಕ್ಕೆ ಬಿಡಿ. ಹಿಚ್ ಹಿಂದಕ್ಕೆ ಜಾರಿ ಕಟ್ ಅಂತ ಕೂರುತ್ತದೆ. ಇಳಿದು ಲಾಕ್ ಬಿದ್ದಿದೆಯಾ ಕಣ್ಣಾರೆ ನೋಡಿ, ಅಡ್ಡಗಲ್ಲು ತೆಗೆದು ನಿಧಾನಕ್ಕೆ ಹಿಂದೆ ಹೋಗಿ. ಹೊರಡುವ ಮೊದಲು ಇದರ ಉಲ್ಟಾ ಮಾಡಿ ಹಿಚ್ಚನ್ನು ಮುಂದಕ್ಕೆ ತಂದು ಲಾಕ್ ಮಾಡಬೇಕು. ಹಿಂದೆ ಜಾರಿದ ಸ್ಥಿತಿಯಲ್ಲಿ ಭಾರ ಆಕ್ಸಲ್‌ನ ಹಿಂದಿರುತ್ತದೆ. ಅದರಲ್ಲಿ ರಸ್ತೆಗೆ ಇಳಿಯಬಾರದು. ಇದು ಕ್ಯಾಂಪ್‌ಸೈಟ್ ಒಳಗಿನ ನಿಧಾನ ವೇಗಕ್ಕೆ ಮಾತ್ರ.

ಬಿಗಿ ತಿರುವು ಬರುವುದು ಹೆಚ್ಚಾಗಿ ರಿವರ್ಸ್‌ನಲ್ಲಿ. ವರ್ಷಕ್ಕೆ ಕೆಲವೇ ಸಲ, ಅದೂ ಗೊತ್ತಿರುವ ಜಾಗಗಳಿಗೆ ಹೋಗುವವರಿಗೆ ಮ್ಯಾನುವಲ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಅದರ ದೌರ್ಬಲ್ಯ ಒಂದೇ: ಮನುಷ್ಯ ಮರೆಯುತ್ತಾನೆ. ಪೆಟ್ರೋಲ್ ಬಂಕ್‌ನಲ್ಲಿ ಒಮ್ಮೆಲೇ ಬಿಗಿಯಾಗಿ ತಿರುಗಿಸಬೇಕಾಗಿ ಬಂದರೆ ಇಳಿದು ಲಿವರ್ ಎಳೆಯುವವರು ಎಷ್ಟು ಜನ?

ಆಟೋಮ್ಯಾಟಿಕ್ ಸ್ಲೈಡರ್ ಆ ಮರೆವಿಗೆ ಮದ್ದು. ಪುಲ್‌ರೈಟ್ ಕಂಪನಿಯ ಸೂಪರ್‌ಗ್ಲೈಡ್ ಇದರಲ್ಲಿ ಹೆಸರುವಾಸಿ. ಕಿಂಗ್‌ಪಿನ್‌ಗೆ ಕ್ಯಾಪ್ಚರ್ ಪ್ಲೇಟ್ ಅನ್ನುವ ತಟ್ಟೆಯನ್ನು ಬಿಗಿಯುತ್ತಾರೆ. ಅದು ಹಿಚ್ ತಲೆಯನ್ನು ಟ್ರೇಲರ್ ಜೊತೆಗೇ ತಿರುಗಿಸುತ್ತದೆ. ತಲೆ ತಿರುಗಿದಂತೆ ಅಡಿಯಲ್ಲಿರುವ ಕ್ಯಾಮ್ ಇಡೀ ಹಿಚ್ಚನ್ನು ಹಿಂದಕ್ಕೆ ತಳ್ಳುತ್ತದೆ. ನೇರವಾದಾಗ ಮತ್ತೆ ಮುಂದಕ್ಕೆ. ನೀವು ಇಳಿಯುವುದೂ ಇಲ್ಲ, ನೆನಪಿಡುವುದೂ ಇಲ್ಲ. ಇದು ಭಾರ, ಬೆಲೆಯೂ ಸಾಕಷ್ಟು ಜಾಸ್ತಿ. ನಿಮ್ಮ ಪಿನ್ ಬಾಕ್ಸ್‌ಗೆ ಹೊಂದುವ ಕ್ಯಾಪ್ಚರ್ ಪ್ಲೇಟೇ ಬೇಕು. ಸ್ನೇಹಿತರ ಟ್ರೇಲರ್ ಎಳೆಯಬೇಕೆಂದರೆ ಅದಕ್ಕೂ ಒಂದು ಪ್ಲೇಟ್ ಬೇಕಾಗುತ್ತದೆ. ಐದೂವರೆ ಅಡಿ ಬೆಡ್ ಇದ್ದು, ಭಾರದ ಲೆಕ್ಕ ಸರಿಹೊಂದಿ, ಪ್ರತಿ ತಿಂಗಳು ಹೊಸ ಊರಿಗೆ ಹೋಗುವವರಾದರೆ ನಾನು ಇದನ್ನೇ ಹೇಳುತ್ತೇನೆ. ಹಿಂಬದಿ ಗಾಜು, ಕ್ಯಾಬ್ ತಗಡು, ಟ್ರೇಲರ್ ಮೂತಿ ಮೂರೂ ಒಟ್ಟಿಗೆ ಹೋದರೆ ಆಗುವ ಖರ್ಚಿನ ಮುಂದೆ ಈ ಹೆಚ್ಚುವರಿ ಬೆಲೆ ದೊಡ್ಡದಲ್ಲ.

ಇನ್ನೊಂದು ದಾರಿ ಟ್ರಕ್ ಕಡೆಯದಲ್ಲ, ಟ್ರೇಲರ್ ಕಡೆಯದು. ರೀಸ್ ಕಂಪನಿಯ ಸೈಡ್‌ವೈಂಡರ್ ಥರದ ಪಿನ್ ಬಾಕ್ಸ್. ಟ್ರೇಲರ್‌ನ ಹಳೆಯ ಪಿನ್ ಬಾಕ್ಸ್ ಬಿಚ್ಚಿ ಇದನ್ನು ಹಾಕುತ್ತಾರೆ. ತಿರುಗುವ ಬಿಂದು ಕಿಂಗ್‌ಪಿನ್‌ನಲ್ಲಿ ಇರುವುದೇ ಇಲ್ಲ, 22 ಇಂಚು ಹಿಂದಕ್ಕೆ ಹೋಗುತ್ತದೆ. ಟ್ರಕ್ಕಿನಲ್ಲಿ ಸಾದಾ ಫಿಕ್ಸೆಡ್ ಹಿಚ್ ಸಾಕು, ಕಿಂಗ್‌ಪಿನ್ ತಿರುಗದಂತೆ ಒಂದು ಬೆಣೆ ಮಾತ್ರ ಬೇಕು. ಅಳತೆಯ ನಿಯಮ ಅದೇ, ಆದರೆ ಈಗ ಮೂಲೆಯ ದೂರವನ್ನು ಹೊಸ ತಿರುಗುವ ಬಿಂದುವಿನಿಂದ ತೆಗೆಯಬೇಕು, ಕ್ಯಾಬ್‌ವರೆಗಿನ ದೂರವನ್ನೂ ಅಲ್ಲಿಂದಲೇ. 22 ಇಂಚು ಲಾಭ ಅಂತ ಕಣ್ಣುಮುಚ್ಚಿ ಸೇರಿಸಬೇಡಿ. ಬಿಂದು ಹಿಂದೆ ಹೋದಂತೆ ಮೂಲೆಯೂ ಅದರಿಂದ ದೂರವಾಗುತ್ತದೆ, ಅಂದರೆ ಲಾಭದ ಒಂದಷ್ಟು ಪಾಲು ಅಲ್ಲೇ ಕರಗುತ್ತದೆ. ಮತ್ತೊಂದು ಮಾತು, ಇದನ್ನು ಆಟೋಮ್ಯಾಟಿಕ್ ಸ್ಲೈಡರ್ ಜೊತೆ ಸೇರಿಸಲು ಬರುವುದಿಲ್ಲ.

ಗೂಸ್‌ನೆಕ್ ದಾರಿಯೂ ಇದೆ. ಬೆಡ್ ನಡುವಿನ ಬಾಲ್‌ಗೆ ಸಿಕ್ಕುವ ಅಡಾಪ್ಟರ್‌ಗಳು, ಅಥವಾ ಆ ಬಾಲ್ ಮೇಲೇ ಕೂರುವ ಆಂಡರ್ಸನ್ ಕಂಪನಿಯ ಅಲ್ಯೂಮಿನಿಯಂ ಹಿಚ್. ಆಂಡರ್ಸನ್ ಒಬ್ಬರೇ ಎತ್ತಿ ಇಳಿಸುವಷ್ಟು ಹಗುರ, ಬೆಡ್ ಪೂರಾ ಖಾಲಿ ಸಿಗುತ್ತದೆ. ಪೇಲೋಡ್ ಬಿಗಿ ಇರುವವರಿಗೆ ಆ ಉಳಿತಾಯ ಸಣ್ಣದಲ್ಲ. ಉದ್ದನೆಯ ಗೂಸ್‌ನೆಕ್ ಅಡಾಪ್ಟರ್ ವಿಷಯದಲ್ಲಿ ಮಾತ್ರ ಎಚ್ಚರ. ಉದ್ದ ಹೆಚ್ಚಾದಷ್ಟೂ ಅದು ಸನ್ನೆಕೋಲಿನಂತೆ ಟ್ರೇಲರ್‌ನ ಫ್ರೇಮನ್ನು ಮೀಟುತ್ತದೆ. ಕೆಲವು ಫ್ರೇಮ್ ತಯಾರಕರು ಇಂಥದ್ದು ಹಾಕಿದರೆ ವಾರಂಟಿ ಕೊಡುವುದಿಲ್ಲ. ನಿಮ್ಮ ಟ್ರೇಲರ್‌ಗೆ ನಿರ್ದಿಷ್ಟ ಅಡಾಪ್ಟರ್ ಒಪ್ಪಿಗೆ ಇದೆಯಾ ಅಂತ ಇಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ.

ಹೆಜ್ಜೆ 4: ಹಿಚ್ ಕೂರುವುದು ಯಾವುದರ ಮೇಲೆ?

ಟ್ರಕ್ಕಿನಲ್ಲಿ ಕಾರ್ಖಾನೆಯಿಂದಲೇ ಫಿಫ್ತ್ ವೀಲ್ ಪ್ರೆಪ್ ಪ್ಯಾಕೇಜ್ ಬಂದಿದ್ದರೆ ನೀವು ಪುಣ್ಯವಂತರು. ಬೆಡ್ ನೆಲದಲ್ಲಿ ನಾಲ್ಕು ತೂತು, ನಡುವೆ ಗೂಸ್‌ನೆಕ್ ಬಾಲ್‌ನ ಇನ್ನೊಂದು. ಈ ನಾಲ್ಕು ತೂತುಗಳಿಗೆ ಪಕ್ ಅಂತಾರೆ. ಹಿಚ್ ಕಾಲುಗಳನ್ನು ಅವುಗಳಲ್ಲಿ ಇಳಿಸಿ ತಿರುಪಿದರೆ ಮುಗಿಯಿತು. ಫೋರ್ಡ್, ರ‍್ಯಾಮ್, ಜಿಎಂ ಮೂರೂ ಇದನ್ನು ಹೆವಿ ಡ್ಯೂಟಿ ಟ್ರಕ್ಕುಗಳಿಗೆ ಕೊಡುತ್ತವೆ. ಒಂದರದು ಇನ್ನೊಂದಕ್ಕೆ ಹೊಂದುತ್ತದೆ ಅಂತ ಅಂದುಕೊಳ್ಳಬೇಡಿ, ಟ್ರಕ್ಕಿನ ಹೆಸರು ಮತ್ತು ವರ್ಷ ಹೇಳಿಯೇ ಆರ್ಡರ್ ಮಾಡಿ.

ಪಕ್ ಇಲ್ಲದಿದ್ದರೆ ಬೆಡ್ ಮೇಲೆ ಅಡ್ಡಡ್ಡ ಎರಡು ಉಕ್ಕಿನ ಪಟ್ಟಿ, ಇವಕ್ಕೆ ರೈಲು ಅಂತಾರೆ. ಅವು ಬರೀ ಬೆಡ್ ತಗಡಿಗೆ ಬಿಗಿದವಲ್ಲ, ಕೆಳಗಿನ ಬ್ರ್ಯಾಕೆಟ್ ಮೂಲಕ ಟ್ರಕ್ಕಿನ ಫ್ರೇಮ್‌ಗೇ ಬಿಗಿದಿರಬೇಕು. ನಿಮ್ಮ ಟ್ರಕ್ಕಿಗೆ ಅಂತಲೇ ಮಾಡಿದ ಬ್ರ್ಯಾಕೆಟ್ ಸೆಟ್ ತೆಗೆದುಕೊಂಡರೆ ಫ್ರೇಮ್‌ಗೆ ತೂತು ಕೊರೆಯುವ, ವೆಲ್ಡ್ ಮಾಡುವ ಕೆಲಸ ಬಹುತೇಕ ತಪ್ಪುತ್ತದೆ. ಬೆಡ್ ನೆಲಕ್ಕೆ ತೂತು ಹಾಕುವ ಮೊದಲು ಕೆಳಗೆ ಮಲಗಿ ನೋಡಿ. ಇಂಧನದ ಪೈಪ್, ಬ್ರೇಕ್ ಪೈಪ್, ವೈರಿನ ಕಟ್ಟು ಅಲ್ಲೇ ಹಾದಿರುತ್ತವೆ. ಎಫ್-150 2015ರಿಂದ, ಸೂಪರ್ ಡ್ಯೂಟಿ 2017ರಿಂದ ಅಲ್ಯೂಮಿನಿಯಂ ಬಾಡಿಯವು. ಅವುಗಳಿಗೆ ಸೆಟ್‌ನಲ್ಲಿ ಕೊಟ್ಟಿರುವ ಸ್ಪೇಸರ್‌ಗಳನ್ನು ಬಿಡದೆ ಹಾಕಬೇಕು, ಇಲ್ಲದಿದ್ದರೆ ಬೋಲ್ಟು ಬಿಗಿದಾಗ ನೆಲ ಕುಗ್ಗುತ್ತದೆ. ಪ್ಲಾಸ್ಟಿಕ್ ಬೆಡ್ ಲೈನರ್ ಇದ್ದರೆ ರೈಲು ಕೂರುವ ಜಾಗದಲ್ಲಿ ಕತ್ತರಿಸಿ ತೆಗೆಯಿರಿ. ಸ್ಪ್ರೇ ಲೈನರ್ ಆದರೆ ತೊಂದರೆ ಇಲ್ಲ.

ಬಿ ಅಂಡ್ ಡಬ್ಲ್ಯೂ ಕಂಪನಿಯ ಟರ್ನೋವರ್‌ಬಾಲ್ ಅನ್ನುವ ಗೂಸ್‌ನೆಕ್ ಬಾಲ್ ಈಗಾಗಲೇ ಇದ್ದವರು ಅದೇ ಕಂಪನಿಯ ಕಂಪ್ಯಾನಿಯನ್ ನೋಡಬಹುದು. ಬಾಲ್ ತೆಗೆದ ಅದೇ ತೂತಿನಲ್ಲಿ ಇಡೀ ಹಿಚ್ ನಿಲ್ಲುತ್ತದೆ. ಶಾರ್ಟ್ ಬೆಡ್‌ಗೆ ಸ್ಲೈಡರ್ ಮಾದರಿಯೂ ಇದೆ.

ಹೆಜ್ಜೆ 5: ತಲೆ, ದವಡೆ, ರೇಟಿಂಗ್

ಹಿಚ್ ಮೇಲೆ 16ಕೆ, 20ಕೆ, 25ಕೆ ಅಂತ ಬರೆದಿರುತ್ತದೆ. ಅದು ಸಾವಿರ ಪೌಂಡ್ ಲೆಕ್ಕ, ಎಳೆಯುವ ಟ್ರೇಲರ್‌ನ ಒಟ್ಟು ತೂಕ. ಅದರ ಪಕ್ಕ ಚಿಕ್ಕದಾಗಿ ಇನ್ನೊಂದು ಸಂಖ್ಯೆ ಇರುತ್ತದೆ, ಕೆಳಮುಖವಾಗಿ ಹೊರಬಲ್ಲ ಭಾರ. ಎರಡನ್ನೂ ನೋಡಿ. ಟ್ರೇಲರ್‌ನ ಗರಿಷ್ಠ ತೂಕಕ್ಕಿಂತ ಒಂದು ಮೆಟ್ಟಿಲು ಮೇಲಿನದು ತೆಗೆದುಕೊಂಡರೆ ಸಾಕು. 12,000ದ ಟ್ರೇಲರ್‌ಗೆ 25ಕೆ ಹಿಚ್ ಹಾಕಿದರೆ ಪೇಲೋಡ್ ಕಮ್ಮಿಯಾಗುತ್ತದೆಯೇ ಹೊರತು ಟ್ರಕ್ ಬಲವಾಗುವುದಿಲ್ಲ. ಎಸ್‌ಎಇ ಜೆ2638 ಅನ್ನುವ ಮಾನದಂಡಕ್ಕೆ ಪರೀಕ್ಷೆ ಆಗಿದೆಯಾ ಅಂತಲೂ ನೋಡಿ.

ದವಡೆಗಳಲ್ಲಿ ಕಿಂಗ್‌ಪಿನ್ ಸುತ್ತ ಎರಡೂ ಕಡೆಯಿಂದ ತಬ್ಬುವ ಜೋಡಿ ದವಡೆಯೇ ನನಗೆ ಹೆಚ್ಚು ಇಷ್ಟ. ಪಿನ್ನಿಗೂ ದವಡೆಗೂ ನಡುವೆ ಸಂದು ಕಮ್ಮಿ, ಬ್ರೇಕ್ ಹಾಕಿದಾಗ ಧಡ್ ಅಂತ ಗುದ್ದುವುದೂ ಕಮ್ಮಿ. ಅಡ್ಡಕ್ಕೆ ಒಂದು ಸರಳು ಜಾರಿ ಮುಚ್ಚುವ ಮಾದರಿ ಅಗ್ಗ, ಕೆಲಸವನ್ನೂ ಮಾಡುತ್ತದೆ, ಸದ್ದು ಸ್ವಲ್ಪ ಜಾಸ್ತಿ. ತಲೆ ಹಿಂದೆ-ಮುಂದೆ ಮಾತ್ರವಲ್ಲ, ಎಡ-ಬಲಕ್ಕೂ ಓಲಾಡುವಂತಿರಲಿ. ಕ್ಯಾಂಪ್‌ಸೈಟ್ ನೆಲ ಎಲ್ಲೂ ಸಮ ಇರುವುದಿಲ್ಲ. ಓರೆ ನೆಲದಲ್ಲಿ ಸಿಕ್ಕಿಸುವಾಗ, ಬಿಚ್ಚುವಾಗ ಇದರ ಬೆಲೆ ಗೊತ್ತಾಗುತ್ತದೆ.

ಹಳೆಯ ಹಿಚ್ ಕೊಳ್ಳುವುದು ತಪ್ಪಲ್ಲ. ವೆಲ್ಡಿಂಗ್ ಹತ್ತಿರ ಕೂದಲೆಳೆಯಂಥ ಬಿರುಕು, ಅಂಡಾಕಾರಕ್ಕೆ ಸವೆದ ಪಿನ್ ತೂತು, ಸವೆದ ದವಡೆ ಇದ್ದರೆ ಮಾತ್ರ ಎಷ್ಟೇ ಅಗ್ಗವಾದರೂ ಬೇಡ.

ಹೆಜ್ಜೆ 6: ಎತ್ತರ

ಬೆಡ್ ಗೋಡೆಯ ಮೇಲಂಚಿಗೂ ಟ್ರೇಲರ್ ಮೂತಿಯ ಅಡಿಗೂ ನಡುವೆ ಸುಮಾರು 6 ಇಂಚು ಬಿಡಬೇಕು. ಕಮ್ಮಿಯಾದರೆ ಹಳ್ಳ ದಾಟುವಾಗ ಟ್ರೇಲರ್ ಬೆಡ್ ಗೋಡೆಯನ್ನು ಜಜ್ಜುತ್ತದೆ. ಈಚಿನ ಟ್ರಕ್ಕುಗಳ ಬೆಡ್ ಗೋಡೆ ಎತ್ತರ ಹೆಚ್ಚು, ಅದಕ್ಕೇ ಇದು ಹಳೆಯ ಟ್ರೇಲರ್ ಕೊಂಡವರನ್ನು ಹೆಚ್ಚಾಗಿ ಕಾಡುತ್ತದೆ. ಹಿಚ್ ಎತ್ತರಿಸಿ ಜಾಗ ಮಾಡಿಕೊಳ್ಳಬಹುದು, ಆದರೆ ತೀರಾ ಎತ್ತರಿಸಿದರೆ ಟ್ರೇಲರ್ ಮೂತಿ ಮೇಲಕ್ಕೆ ನಿಂತು ಟ್ರೇಲರ್‌ನ ಹಿಂದಿನ ಆಕ್ಸಲ್ ಮೇಲೆ ಭಾರ ಹೋಗುತ್ತದೆ. ಟ್ರೇಲರ್ ಸಮವಾಗಿ ನಿಲ್ಲಬೇಕು, 6 ಇಂಚೂ ಉಳಿಯಬೇಕು. ಎರಡೂ ಆಗದಿದ್ದರೆ ಪಿನ್ ಬಾಕ್ಸನ್ನು ಬೇರೆ ತೂತಿಗೆ ಇಳಿಸಬಹುದಾ ನೋಡಿ.

ಬೆಡ್ ಒಳಗೆ ಟೂಲ್‌ಬಾಕ್ಸ್ ಇದ್ದರೆ ಅದೂ ಮೂಲೆಯ ದಾರಿಗೆ ಅಡ್ಡ. ಕ್ಯಾಬ್ ಬದಲು ಟೂಲ್‌ಬಾಕ್ಸ್‌ವರೆಗೆ ಅಳೆಯಬೇಕಾಗಬಹುದು.

ಹೆಜ್ಜೆ 7: ಮೊದಲ ಸಲ ಸಿಕ್ಕಿಸುವುದು

ಟ್ರೇಲರ್ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಟೇಲ್‌ಗೇಟ್ ಇಳಿಸಿ. ಪಿನ್ ಬಾಕ್ಸ್‌ನ ತಟ್ಟೆ ಹಿಚ್ ತಲೆಗಿಂತ ಅರ್ಧ ಇಂಚು ಕೆಳಗಿರಲಿ. ಹಿಂದಕ್ಕೆ ಬಂದಾಗ ತಲೆ ಅದರಡಿ ನುಗ್ಗಿ ಟ್ರೇಲರನ್ನು ಸ್ವಲ್ಪ ಎತ್ತಬೇಕು. ಟ್ರೇಲರ್ ಎತ್ತರವಿದ್ದರೆ ಕಿಂಗ್‌ಪಿನ್ ದವಡೆಯ ಮೇಲೇ ಕೂತುಬಿಡುತ್ತದೆ. ನೋಡಲು ಸಿಕ್ಕಿದಂತೆ ಕಾಣುತ್ತದೆ, ಹೊರಟ ಮೇಲೆ ಟ್ರೇಲರ್ ಬೆಡ್ ಮೇಲೆ ಬೀಳುತ್ತದೆ. ಬೆಡ್ ಗೋಡೆಗಳು ಚಪ್ಪಟೆಯಾದ ಟ್ರಕ್ಕುಗಳಲ್ಲಿ ಎಷ್ಟೋ ಹೀಗೆ ಆದವು.

ಆದ್ದರಿಂದ ಲಿವರ್ ಮುಚ್ಚಿಕೊಂಡ ಸದ್ದು ಕೇಳಿದರೆ ಸಾಲದು. ಟಾರ್ಚ್ ಹಿಡಿದು ಬೆಡ್ ಪಕ್ಕದಿಂದ ಬಗ್ಗಿ ನೋಡಿ. ಮೇಲಿನ ತಟ್ಟೆಗೂ ಹಿಚ್ ತಲೆಗೂ ನಡುವೆ ಬೆಳಕು ತೂರಬಾರದು. ಉಜ್ಜದೆ ಜಾರಲೆಂದು ನಡುವಿರುವ ಪ್ಲಾಸ್ಟಿಕ್ ತಟ್ಟೆ (ಲೂಬ್ ಪ್ಲೇಟ್) ಎರಡಕ್ಕೂ ಅಂಟಿದಂತಿರಬೇಕು. ಆಮೇಲೆ ದವಡೆ ಕಿಂಗ್‌ಪಿನ್‌ನ ಕಿರಿದಾದ ಕುತ್ತಿಗೆಯನ್ನು ಹಿಡಿದಿದೆಯಾ ನೋಡಿ, ಲಿವರ್‌ಗೆ ಸೇಫ್ಟಿ ಪಿನ್ ಹಾಕಿ. ಏಳು ಪಿನ್ನಿನ ಲೈಟ್ ಪ್ಲಗ್ ಸಿಕ್ಕಿಸಿ. ಟ್ರೇಲರ್ ಕಳಚಿಕೊಂಡರೆ ತಾನಾಗಿ ಅದರ ಬ್ರೇಕ್ ಹಾಕಿಸುವ ಬ್ರೇಕ್‌ಅವೇ ಕೇಬಲ್ಲನ್ನು ಹಿಚ್‌ಗಲ್ಲ, ಟ್ರಕ್ಕಿಗೇ ಕಟ್ಟಿ. ಟೇಲ್‌ಗೇಟ್ ಮುಚ್ಚಿ.

ಈಗ ಎಳೆದು ನೋಡುವುದು. ಟ್ರೇಲರ್ ಮೂತಿಯನ್ನು ಹೊತ್ತು ನಿಲ್ಲಿಸುವ ಮುಂದಿನ ಕಾಲುಗಳನ್ನು (ಲ್ಯಾಂಡಿಂಗ್ ಗೇರ್) ನೆಲದಿಂದ ಒಂದೆರಡು ಇಂಚು ಮಾತ್ರ ಎತ್ತಿ, ಅಡ್ಡಗಲ್ಲು ಹಾಗೇ ಇರಲಿ. ಟ್ರೇಲರ್ ಬ್ರೇಕ್ ಕೈಯಲ್ಲಿ ಹಿಡಿದು ಟ್ರಕ್ಕನ್ನು ಮುಂದಕ್ಕೆ ಮೆಲ್ಲಗೆ ಎಳೆಯಿರಿ. ದವಡೆ ಬಿಟ್ಟರೂ ಟ್ರೇಲರ್ ಬೀಳುವುದು ಎರಡು ಇಂಚು, ಬೆಡ್ ಉಳಿಯುತ್ತದೆ. ಪ್ರತಿ ಸಲ ಮಾಡಿ, ಊಟಕ್ಕೆ ನಿಲ್ಲಿಸಿ ಬಿಚ್ಚಿ ಮತ್ತೆ ಸಿಕ್ಕಿಸಿದರೂ ಮಾಡಿ.

ನಂತರ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ. ಮನೆಯವರೊಬ್ಬರು ಗಾಡಿಗಳ ನಡುವೆ ಅಲ್ಲ, ಕ್ಯಾಬ್‌ನ ಪಕ್ಕಕ್ಕೆ ದೂರ ನಿಂತು ಮೂಲೆಯನ್ನೇ ನೋಡಲಿ. ನೀವು ಆಮೆ ವೇಗದಲ್ಲಿ ಹಿಂದಕ್ಕೆ ತಿರುಗಿಸುತ್ತ ಹೋಗಿ. ಗಾಜಿಗೂ ಮೂಲೆಗೂ ನಡುವೆ 4 ಇಂಚು ಆದಾಗ ನಿಲ್ಲಿಸು ಅನ್ನಲಿ. ಆ ಸ್ಥಿತಿಯಲ್ಲಿ ಡ್ರೈವರ್ ಪಕ್ಕದ ಕನ್ನಡಿಯಲ್ಲಿ ಟ್ರೇಲರ್ ಎಷ್ಟು ಕಾಣುತ್ತದೆ ನೋಡಿಟ್ಟುಕೊಳ್ಳಿ. ಎರಡೂ ಕಡೆಗೆ ಮಾಡಿ, ಸ್ಲೈಡರ್ ಮುಂದಿದ್ದಾಗ ಒಮ್ಮೆ, ಹಿಂದಿದ್ದಾಗ ಒಮ್ಮೆ.

ಸಾಮಾನು ತುಂಬಿ ಹೊರಟ ಮೊದಲ ದಿನ ಹೈವೇ ಪಕ್ಕದ ಟ್ರಕ್ ಸ್ಟಾಪಿನಲ್ಲಿ ಲಾರಿ ತೂಗುವ ಕ್ಯಾಟ್ ಸ್ಕೇಲ್ ಇದ್ದಲ್ಲಿ ತೂಕ ಹಾಕಿಸಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಮೂರರ ತೂಕವೂ ಒಂದೇ ಚೀಟಿಯಲ್ಲಿ ಬೇರೆ ಬೇರೆಯಾಗಿ ಬರುತ್ತದೆ. ಹಿಂದಿನ ಆಕ್ಸಲ್‌ನ ಸಂಖ್ಯೆಯನ್ನು ಬಾಗಿಲಲ್ಲಿ ಬರೆದಿರುವ ಆಕ್ಸಲ್ ಮಿತಿಗೆ ಹೋಲಿಸಿ. ಮೀರಿದ್ದರೆ ಮುಂದಿನ ಡಿಕ್ಕಿಯ ಸಾಮಾನನ್ನು ಟ್ರೇಲರ್ ಆಕ್ಸಲ್‌ಗಳ ಹತ್ತಿರಕ್ಕೆ ಸರಿಸಿ, ಮತ್ತೆ ತೂಗಿ. ಮನೆಗೆ ಬಂದ ಮೇಲೆ ಹಿಚ್‌ನ ಎಲ್ಲ ಬೋಲ್ಟುಗಳಿಗೂ ಟಾರ್ಕ್ ವ್ರೆಂಚ್ ಹಾಕಿ ಪುಸ್ತಕದಲ್ಲಿ ಹೇಳಿದಷ್ಟಕ್ಕೆ ಮತ್ತೆ ಬಿಗಿ ಮಾಡಿ. ಹೊಸ ರೈಲು ಮೊದಲ ಪ್ರಯಾಣದಲ್ಲಿ ಕೂತುಕೊಳ್ಳುತ್ತದೆ, ಬೋಲ್ಟು ಸಡಿಲವಾಗುವುದು ಆಗಲೇ.